ಇಲಾಖೆ ಕಂಡ ಕಾಡು: ‘ಅಟ್ಟಹಾಸ’ವನ್ನು ಮತ್ತೆ ನೋಡುತ್ತಾ

ಕನ್ನಡದ ಅಪರಾಧ ಚಿತ್ರಗಳ ಮಾತು ಬಂದಾಗಲೆಲ್ಲ ಒಂದು ತೀರ್ಪು ತಪ್ಪದೆ ಕೇಳಿಬರುತ್ತದೆ. ‘ಓಂ’ ರೌಡಿಗಳನ್ನು ಮೆರೆಸಿತು, ಅದರ ಬೆನ್ನಿಗೆ ಬಂದ ಲಾಂಗು ಮಚ್ಚಿನ ಚಿತ್ರಗಳು ಹುಡುಗರನ್ನು ಕೆಡಿಸಿದವು. ಎ.ಎಂ.ಆರ್. ರಮೇಶ್ ಅವರ ‘ಅಟ್ಟಹಾಸ’ ಮಾತ್ರ ಕಾಡುಗಳ್ಳ ವೀರಪ್ಪನ್‌ನನ್ನು ವೈಭವೀಕರಿಸದೆ ಇದ್ದದ್ದನ್ನು ಇದ್ದಂತೆ ಹೇಳಿತು. 2013ರಲ್ಲಿ ಚಿತ್ರ ತೆರೆಗೆ ಬಂದಾಗ ಹೇಳಿದ ಮಾತು ಇದು. ಇಂದಿಗೂ ಯಾರೂ ಇದನ್ನು ಬದಲಿಸಿಲ್ಲ, ಪ್ರಶ್ನಿಸಿಯೂ ಇಲ್ಲ. ಈಚೆಗೆ ಒಂದು ಚರ್ಚೆಯಲ್ಲಿ ನಾನು ಗೌರವಿಸುವ ಹಿರಿಯರೊಬ್ಬರು ಇದನ್ನೇ ಮತ್ತೊಮ್ಮೆ ಹೇಳಿದಾಗ ಸಿಟ್ಟು ಬಂತು. ಚಿತ್ರವನ್ನು ಮತ್ತೆ ಹಾಕಿಕೊಂಡು ಕೂತೆ. ಸಿಟ್ಟು ಇಳಿಯಲಿಲ್ಲ. ಆದರೆ ಕಿಶೋರ್ ಎಂಬ ನಟನ ಮೇಲಿದ್ದ ಅಭಿಮಾನ ಇಮ್ಮಡಿಯಾಯಿತು. ಈ ಬರಹ ಎರಡರಿಂದಲೂ ಹುಟ್ಟಿದ್ದು.

ಇದ್ದದ್ದನ್ನು ಇದ್ದಂತೆ ಎನ್ನುತ್ತಾರಲ್ಲ, ಯಾರು ಕಂಡಂತೆ? ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ, ಪೊಲೀಸರ ಮೇಲಿನ ದಾಳಿಗಳು, ರಾಜ್‌ಕುಮಾರ್ ಅಪಹರಣ, ಕೊನೆಗೆ ಪಾಪ್ಪಾರಪಟ್ಟಿಯ ಆಂಬುಲೆನ್ಸ್. ಇವೆಲ್ಲ ನಡೆದ ಘಟನೆಗಳೇ, ಒಂದೂ ಸುಳ್ಳಲ್ಲ. ಆದರೆ ಈ ಸರಣಿಯನ್ನು ಜೋಡಿಸಿದ ಕೈ ಯಾವುದು ಎಂದು ನೋಡಿ. ಎಫ್‌ಐಆರ್ ಬರೆದವರು ಯಾವುದನ್ನು ಘಟನೆ ಎಂದು ಗುರುತಿಸಿದರೋ ಚಿತ್ರಕ್ಕೂ ಅದೇ ಘಟನೆ. ಕಡತದಲ್ಲಿ ಇಲ್ಲದ ದಿನಗಳು ಚಿತ್ರಕ್ಕೂ ಇಲ್ಲ. ಇಪ್ಪತ್ತು ವರ್ಷ ಒಬ್ಬ ಮನುಷ್ಯ ಕಾಡಿನಲ್ಲಿ ಬದುಕಿದ ಎಂದರೆ ಅವನಿಗೆ ಅಕ್ಕಿ ಕೊಟ್ಟವರಿದ್ದರು, ದಾರಿ ಹೇಳಿದವರಿದ್ದರು, ಕಡಿದ ಗಂಧವನ್ನು ಕೊಂಡವರಿದ್ದರು. ಕೊಟ್ಟವರು ಲಾಠಿ ತಿಂದರು. ಕೊಂಡವರು ಯಾರೆಂಬುದು ಈ ಬಗೆಯ ಚಿತ್ರಗಳಲ್ಲಿ ಎಂದೂ ಮುಖ್ಯ ಪ್ರಶ್ನೆಯಾಗುವುದಿಲ್ಲ.

‘ಅಟ್ಟಹಾಸ’ವನ್ನು ಭೂಗತ ಲೋಕದ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸುವುದೇ ಮೊದಲ ತಪ್ಪು. ಅದರ ವಂಶ ಬೇರೆ. ಅದು 1973ರ ‘ಗಂಧದ ಗುಡಿ’ಯ ಕುಲಕ್ಕೆ ಸೇರಿದ ಚಿತ್ರ. ಕನ್ನಡಿಗರಿಗೆ ಕಾಡನ್ನು ಪ್ರೀತಿಸಲು ಕಲಿಸಿದ ಚಿತ್ರ ‘ಗಂಧದ ಗುಡಿ’ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಖಾಕಿ ತೊಟ್ಟ ರಾಜ್‌ಕುಮಾರ್ ಆನೆಗಳ ನಡುವೆ ನಡೆದು ಬರುವುದನ್ನು ಕಂಡು ಪುಳಕಗೊಳ್ಳದ ಕನ್ನಡಿಗನಿಲ್ಲ. ಆದರೆ ಆ ಪುಳಕದ ಜೊತೆಗೆ ಒಂದು ನೋಟವೂ ನಮ್ಮೊಳಗೆ ಇಳಿಯಿತು. ಕಾಡು ಒಂದು ಗುಡಿ, ಅರಣ್ಯಾಧಿಕಾರಿ ಅದರ ಪೂಜಾರಿ, ಕೊಡಲಿ ಹಿಡಿದವನು ಗುಡಿಗೆ ನುಗ್ಗಿದ ಕಳ್ಳ. ಗುಡಿಯೊಳಗೇ ಹುಟ್ಟಿ ಅಲ್ಲೇ ಸಾಯುವ ಜನ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲಬೇಕು? ಕಾಡನ್ನು ಕುರಿತ ನಮ್ಮ ಜನಪ್ರಿಯ ಸಿನಿಮಾ ಅವರನ್ನು ಅಂಚಿನಲ್ಲೇ ನಿಲ್ಲಿಸುತ್ತ ಬಂತು.

ಗಂಧದ ಮರದ ಕಾನೂನನ್ನೇ ನೋಡಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ರಾಜವೃಕ್ಷವಾಯಿತು. ಮೈಸೂರು ಅರಸರು ಆ ಹಕ್ಕನ್ನು ಬಿಡಲಿಲ್ಲ, ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರವೂ ಬಿಡಲಿಲ್ಲ. ರೈತನ ಸ್ವಂತ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಗಿಡವೂ ಸರ್ಕಾರದ್ದು. ಅದು ಕಾಣೆಯಾದರೆ ಉತ್ತರ ಹೇಳಬೇಕಾದವನು ಮಾತ್ರ ರೈತ. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗುವವರೆಗೂ ಇದೇ ಸ್ಥಿತಿ. ಸಸಿ ಮೊಳೆತರೆ ಕಿತ್ತೆಸೆಯುವುದೇ ಕ್ಷೇಮ ಎನ್ನುವ ಹಾಗೆ ಜನರನ್ನು ಬೆದರಿಸಿಟ್ಟ ವ್ಯವಸ್ಥೆಯಲ್ಲಿ ಕಳ್ಳಸಾಗಣೆದಾರ ಹುಟ್ಟದಿದ್ದರೆ ಆಶ್ಚರ್ಯಪಡಬೇಕಿತ್ತು. ಇದು ವೀರಪ್ಪನ್ ಪರವಾದ ವಾದವಲ್ಲ. ಅವನು ಕೊಲೆಗಾರ. ಅವನು ಕೊಂದವರಲ್ಲಿ ಅಧಿಕಾರಿಗಳಷ್ಟೇ ಅಲ್ಲ, ಮಾಹಿತಿದಾರರೆಂದು ಅವನು ಅನುಮಾನಿಸಿದ ಬಡ ಹಳ್ಳಿಗರೂ ಇದ್ದರು. ನನ್ನ ತಕರಾರು ಸಿನಿಮಾದ ಮೇಲೆ. ಕೊಲೆಗಾರನ ಕತೆ ಹೇಳುತ್ತೇನೆಂದು ಹೊರಟ ಸಿನಿಮಾ ಅವನು ಎಂಥ ಮಣ್ಣಿನಲ್ಲಿ ಬೆಳೆದ ಎಂದು ತೋರಿಸದೆ ಹೋದರೆ ಅದು ಪೂರ್ತಿ ಕತೆಯಾಗುವುದು ಹೇಗೆ?

ಆ ಮಣ್ಣನ್ನು ‘ಅಟ್ಟಹಾಸ’ದಲ್ಲಿ ಒಬ್ಬನೇ ಒಬ್ಬ ಮೈಮೇಲೆ ಹೊತ್ತು ತಂದಿದ್ದಾನೆ. ಅವನು ಕಿಶೋರ್.

ಮೀಸೆಯೇ ವೀರಪ್ಪನ್ ಎಂದು ನಂಬಿದ ನಟರು ಬೇರೆ ಇದ್ದಾರೆ. ಕಿಶೋರ್ ಮೀಸೆಯನ್ನು ಧರಿಸಿ ಅದನ್ನು ಮರೆತುಬಿಡುತ್ತಾರೆ. ಅವರ ಅಭಿನಯವೆಲ್ಲ ಕತ್ತು, ಮೊಣಕಾಲು ಮತ್ತು ಕಣ್ಣಿನಲ್ಲಿದೆ. ಕಾಡಿನಲ್ಲಿ ಬದುಕುವವನು ಎದುರಿಗಿರುವವನ ಮುಖವನ್ನು ಮೊದಲು ನೋಡುವುದಿಲ್ಲ, ಕೈಯನ್ನು ನೋಡುತ್ತಾನೆ, ಆಮೇಲೆ ಅವನ ಬೆನ್ನ ಹಿಂದಿನ ಪೊದೆಯನ್ನು. ಕಿಶೋರ್ ನೋಟ ಹೀಗೆ ಹರಿಯುತ್ತದೆ. ಕೂರುವುದು ಕುಕ್ಕರಗಾಲಿನಲ್ಲಿ, ಏಳಲು ಸದಾ ಸಿದ್ಧ. ಮೈಯಲ್ಲಿ ಒಂದು ಗುಲಗಂಜಿ ಕೊಬ್ಬಿಲ್ಲ. ಕ್ಯಾಮೆರಾ ಮುಂದೆ ಇಲ್ಲದಾಗ ಬೇಸಾಯ ಮಾಡುವ ಈ ನಟನಿಗೆ ಬಿಸಿಲು ಮತ್ತು ದಣಿವನ್ನು ನಟಿಸುವ ಅಗತ್ಯವೇ ಬಂದಂತಿಲ್ಲ. ಹಿಂಸೆಯ ದೃಶ್ಯಗಳಲ್ಲೂ ಅವರು ಕೆರಳುವುದಿಲ್ಲ. ಕೊಲ್ಲುವುದು ಅವನಿಗೆ ಬೆಳಗಿನಿಂದ ಸಂಜೆವರೆಗಿನ ಕೆಲಸಗಳಲ್ಲಿ ಒಂದು ಎನ್ನುವಂತೆ ಮಾಡಿ ಮುಗಿಸುತ್ತಾರೆ. ಹಿನ್ನೆಲೆ ಸಂಗೀತ ನಮ್ಮನ್ನು ಹೆದರಿಸಲು ಎಷ್ಟೇ ಒದ್ದಾಡಲಿ, ಹೆದರಿಕೆ ಹುಟ್ಟುವುದು ಈ ನಿರುದ್ವೇಗದಿಂದ.

ಕೊನೆಯ ಭಾಗವನ್ನು ಗಮನವಿಟ್ಟು ನೋಡಬೇಕು. 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಬಳಿಯ ಪಾಪ್ಪಾರಪಟ್ಟಿ. ಕಣ್ಣಿನ ಪೊರೆ ಬೆಳೆದು ದೃಷ್ಟಿ ಮಂದವಾಗಿದ್ದ ವೀರಪ್ಪನ್ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿದ. ಆಂಬುಲೆನ್ಸ್ ಪೊಲೀಸರದು. ಸೇತುಕುಳಿ ಗೋವಿಂದನ್ ಮತ್ತು ಇನ್ನಿಬ್ಬರು ಜೊತೆಗಿದ್ದರು, ನಾಲ್ವರೂ ಗುಂಡಿಗೆ ಬಲಿಯಾದರು. ಮೀಸೆಯನ್ನು ಅವನು ಆ ಹೊತ್ತಿಗಾಗಲೇ ಕತ್ತರಿಸಿಕೊಂಡಿದ್ದ. ಚಿತ್ರಕ್ಕೆ ಇದು ವಿಜಯದ ಗಳಿಗೆ. ಪೊಲೀಸ್ ಅಧಿಕಾರಿ ವಿಜಯ್ ಕುಮಾರ್ ಪಾತ್ರದಲ್ಲಿ ಅರ್ಜುನ್ ಸರ್ಜಾ ಇರುವ ರೀತಿಯೇ ಅದನ್ನು ಹೇಳುತ್ತದೆ. ಆದರೆ ಕಿಶೋರ್ ಆ ಗಳಿಗೆಯನ್ನು ವಿಜಯವಾಗಲು ಬಿಡುವುದಿಲ್ಲ. ಇಲ್ಲಿಯವರೆಗೆ ಪೊದೆಯಾಚೆಗೂ ಹರಿಯುತ್ತಿದ್ದ ನೋಟ ಈಗ ಎದುರಿಗಿರುವುದನ್ನೂ ಹಿಡಿಯಲಾರದು. ಜೀವಮಾನವಿಡೀ ಯಾರನ್ನೂ ನಂಬದವನು ತನ್ನ ಕಣ್ಣು ಕೈಕೊಟ್ಟದ್ದರಿಂದ ಒಬ್ಬರನ್ನು ನಂಬಬೇಕಾಯಿತು. ಚಿತ್ರಕಥೆ ಬರೆಯದ ಈ ದುರಂತವನ್ನು ನಟ ತನ್ನ ಭುಜದ ಇಳಿತದಲ್ಲಿ ಬರೆದಿದ್ದಾನೆ. ಕನ್ನಡ ಸಿನಿಮಾದ ಕಳೆದ ಮೂರು ದಶಕಗಳಲ್ಲಿ ನಿಜ ವ್ಯಕ್ತಿಯೊಬ್ಬನ ಪಾತ್ರದಲ್ಲಿ ಇದಕ್ಕಿಂತ ದೊಡ್ಡ ಅಭಿನಯವನ್ನು ನಾನು ಕಂಡಿಲ್ಲ. ‘ಆ ದಿನಗಳು’ ಚಿತ್ರದಲ್ಲಿ ಭೂಗತ ದೊರೆ ಕೊತ್ವಾಲನಾದ ಶರತ್ ಲೋಹಿತಾಶ್ವ ಹತ್ತಿರ ಬರುತ್ತಾರೆ, ಅಷ್ಟೇ.

ಇಂಥ ನಟನನ್ನು ಕೈಯಲ್ಲಿಟ್ಟುಕೊಂಡು ನಿರ್ದೇಶಕರು ಮಾಡಿದ್ದೇನು? ಇದೇ ರಮೇಶ್ 2006ರಲ್ಲಿ ‘ಸೈನೈಡ್’ ಮಾಡಿದ್ದರು. ರಾಜೀವ್ ಗಾಂಧಿ ಹಂತಕರು ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ ಅಡಗಿದ್ದ ದಿನಗಳ ಚಿತ್ರ. ಅದರ ಬಲವೆಲ್ಲ ಇದ್ದದ್ದು ಆ ಮನೆಯ ಗಂಡ ಹೆಂಡತಿಯ ಮುಖದಲ್ಲಿ. ಹಂತಕರಿಗೆ ಅನ್ನ ಬಡಿಸಬೇಕಾದವರ, ಬಾಗಿಲು ಯಾರೇ ತಟ್ಟಿದರೂ ನಡುಗುವವರ ಭಯದ ಮೂಲಕ ನಾವು ಆ ಕತೆಯನ್ನು ಕಂಡೆವು. ಈ ವಿದ್ಯೆ ಗೊತ್ತಿದ್ದ ನಿರ್ದೇಶಕ ವೀರಪ್ಪನ್ ಹುಟ್ಟೂರು ಗೋಪಿನಾಥಂನಲ್ಲಿ, ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಅಂಥ ಒಂದು ಮನೆಯನ್ನು ಹುಡುಕಲಿಲ್ಲವೇಕೆ? ಅಲ್ಲಿ ಪ್ರತಿ ಮನೆಯೂ ಕೋಣನಕುಂಟೆಯ ಆ ಮನೆಯೇ ಆಗಿತ್ತು. ರಾತ್ರಿ ಬಂದವನು ವೀರಪ್ಪನ್, ಬೆಳಗ್ಗೆ ಬಂದವರು ಅವನನ್ನು ಹುಡುಕುವ ವಿಶೇಷ ಪೊಲೀಸ್ ಪಡೆ, ಎಸ್‌ಟಿಎಫ್.

ಬೆಳಗ್ಗೆ ಬಂದವರು ಏನು ಮಾಡಿದರು ಎಂಬುದು ಗುಟ್ಟಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿಯ ಮುಂದೆ ಹಳ್ಳಿಯ ಜನ ಬಂದು ಹೇಳಿಕೆ ಕೊಟ್ಟಿದ್ದಾರೆ. ಬೆಟ್ಟದ ಮೇಲೆ ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದ ಚಿತ್ರಹಿಂಸೆಯ ತಾಣದ ಬಗ್ಗೆ, ವಿದ್ಯುತ್ ಶಾಕ್ ಬಗ್ಗೆ, ಹೆಂಗಸರು ಅನುಭವಿಸಿದ್ದರ ಬಗ್ಗೆ. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಟಾಡಾ ಕಾಯ್ದೆಯಡಿ ಹಿಡಿದ ನೂರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ಮೈಸೂರು ಜೈಲಿನಲ್ಲಿದ್ದರು. 2001ರಲ್ಲಿ ತೀರ್ಪು ಬಂದಾಗ ಅವರಲ್ಲಿ ಹೆಚ್ಚಿನವರು ನಿರ್ದೋಷಿಗಳು. ಗಡಿಯಾಚೆ ಧರ್ಮಪುರಿ ಜಿಲ್ಲೆಯ ವಾಚಾತ್ತಿಯಲ್ಲಿ 1992ರಲ್ಲಿ ಗಂಧ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಊರಿಗೆ ಊರನ್ನೇ ಸೂರೆ ಮಾಡಿದರು, 18 ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. 2011ರಲ್ಲಿ 215 ಮಂದಿಗೆ ಶಿಕ್ಷೆಯಾಯಿತು, 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ‘ಅಟ್ಟಹಾಸ’ ತಯಾರಾಗುವ ಹೊತ್ತಿಗೆ ಇದರಲ್ಲಿ ಬಹುಪಾಲು ಎಲ್ಲರ ಕಣ್ಣೆದುರಿಗಿತ್ತು. ಅದು ಚಿತ್ರದ ನಡುಮನೆಗೆ ಬರಲೇ ಇಲ್ಲ. ತಲೆ ಕಡಿದದ್ದನ್ನು ತೋರಿಸಲು ಹಿಂಜರಿಯದ ಸಿನಿಮಾಕ್ಕೆ ಇದರ ಮೇಲೆ ಏಕೆ ಈ ಸಂಕೋಚ?

ಶ್ರೀನಿವಾಸರಿಗೂ ಚಿತ್ರ ಸಲ್ಲಿಸಬೇಕಾದ್ದನ್ನು ಸಲ್ಲಿಸಿಲ್ಲ ಎಂದೇ ನನ್ನ ನಂಬಿಕೆ. ಅವರು ಗೋಪಿನಾಥಂನಲ್ಲಿ ನೆಲೆನಿಂತು ಜನರಿಗೆ ಮನೆ, ಔಷಧಿ ಒದಗಿಸಲು ದುಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್ ಹುಟ್ಟಿದ ಆ ಊರಿನವರೇ ಇಂದಿಗೂ ಅವರನ್ನು ಭಕ್ತಿಯಿಂದ ನೆನೆಯುತ್ತಾರೆ. ಬಂದೂಕಿಲ್ಲದೆ ಇದನ್ನು ಮುಗಿಸಬಹುದೆಂದು ನಂಬಿ, ವೀರಪ್ಪನ್ ಶರಣಾಗುತ್ತಾನೆಂಬ ಮಾತಿಗೆ ಮರುಳಾಗಿ 1991ರ ನವೆಂಬರಿನಲ್ಲಿ ಕಾಡಿಗೆ ಹೋಗಿ ಕೊಲೆಯಾದರು. ಅವರು ಬದುಕಿದ ರೀತಿಯಲ್ಲಿ ಒಂದು ಇಡೀ ಸಿನಿಮಾ ಇದೆ. ಸತ್ತ ರೀತಿ ಮಾತ್ರ ನಮ್ಮವರಿಗೆ ಬೇಕಾಯಿತು.

ಇನ್ನು ರಾಜ್‌ಕುಮಾರ್ ಅಪಹರಣ. 2000ನೇ ಇಸವಿಯ ಜುಲೈ 30ರಂದು ಗಾಜನೂರಿನಿಂದ ಕರೆದೊಯ್ದದ್ದು, 108 ದಿನ, ನವೆಂಬರ್ 15ರ ಬಿಡುಗಡೆ ಎಲ್ಲರಿಗೂ ಬಾಯಿಪಾಠ. ಆ ದಿನಗಳಲ್ಲಿ ಟಾಡಾ ಬಂದಿಗಳನ್ನು ಬಿಡಬೇಕೆಂಬ ಬೇಡಿಕೆಗೆ ಸರ್ಕಾರ ಮಣಿದು ಮೊಕದ್ದಮೆ ಹಿಂದಕ್ಕೆ ಪಡೆಯಲು ಹೊರಟಾಗ ಒಬ್ಬ ಮುದುಕ ಸುಪ್ರೀಂ ಕೋರ್ಟಿಗೆ ಹೋದರು. ಹೆಸರು ಅಬ್ದುಲ್ ಕರೀಂ. 1992ರ ಆಗಸ್ಟಿನಲ್ಲಿ ಎಸ್‌ಪಿ ಹರಿಕೃಷ್ಣ ಅವರ ಜೊತೆ ವೀರಪ್ಪನ್ ಬಲೆಗೆ ಬಿದ್ದು ಸತ್ತ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಅವರ ತಂದೆ. ಇಡೀ ರಾಜ್ಯ ಅಣ್ಣಾವ್ರಿಗಾಗಿ ಉಸಿರು ಬಿಗಿಹಿಡಿದಿದ್ದಾಗ, ಸತ್ತ ಮಗನ ಹೆಸರಿನಲ್ಲಿ ನ್ಯಾಯ ಕೇಳಲು ಎಂಥ ಎದೆಗಾರಿಕೆ ಬೇಕು? ಕೋರ್ಟು ಅವರ ಮಾತಿಗೆ ಕಿವಿಗೊಟ್ಟಿತು, ಸರ್ಕಾರದ ನಡೆಯನ್ನು ತಡೆಯಿತು. ವಿಚಿತ್ರವೆಂದರೆ ಆ ತೀರ್ಪಿನಿಂದ ಜೈಲಿನಲ್ಲೇ ಉಳಿದವರಲ್ಲಿ ನಿರಪರಾಧಿಗಳೇ ಹೆಚ್ಚು. ಎರಡೂ ಕಡೆ ನ್ಯಾಯವಿತ್ತು, ಎರಡೂ ಕಡೆ ನೋವಿತ್ತು. ‘ಅಟ್ಟಹಾಸ’ಕ್ಕೆ ಅಪಹರಣವೆಂದರೆ ಸಂಧಾನ, ಕ್ಯಾಸೆಟ್ಟು, ರಾಜ್‌ಕುಮಾರ್ ಪಾತ್ರದ ಸುರೇಶ್ ಒಬೆರಾಯ್ ಅವರ ಗಂಭೀರ ಮುಖ.

ರಾಮ್ ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ (2016) ಗದ್ದಲದ ಚಿತ್ರ, ಅದನ್ನು ಸಮರ್ಥಿಸಲು ನನಗೆ ಹುಮ್ಮಸ್ಸಿಲ್ಲ. ಆದರೂ ಒಂದು ಮಾತು ಹೇಳಬೇಕು. ಬೇಟೆಗಾರ ಪೊಲೀಸ್ ಕೂಡ ಮೃಗವಾಗುತ್ತಾನೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಅಪಹೃತನ ಮಗ ಶಿವರಾಜ್‌ಕುಮಾರ್ ಆ ಪೊಲೀಸನ ಪಾತ್ರದಲ್ಲಿರುವುದರಿಂದ ಅವನ ಕ್ರೌರ್ಯಕ್ಕೆ ಬೇರೆಯೇ ತೂಕ ಬರುತ್ತದೆ. ನಮ್ಮ ವಿಮರ್ಶಕರು ಅದನ್ನು ಅಗ್ಗದ ಚಿತ್ರವೆಂದು ತಳ್ಳಿ ‘ಅಟ್ಟಹಾಸ’ವನ್ನು ಸಂಯಮದ ಚಿತ್ರವೆಂದು ಹೊಗಳಿದರು.

ಇಲ್ಲಿಗೆ ಬಂದರೆ ಜಗಳ ಒಂದು ಸಿನಿಮಾದ್ದಾಗಿ ಉಳಿಯುವುದಿಲ್ಲ, ನಮ್ಮ ಅಭಿರುಚಿಯದ್ದಾಗುತ್ತದೆ. ನಾವು ಹಿಂಸೆಯನ್ನು ಅಳೆಯುವುದು ಅದನ್ನು ಮಾಡಿದವನ ಬಟ್ಟೆ ನೋಡಿ. ಲುಂಗಿ ಉಟ್ಟವನ ಕೈಯಲ್ಲಿ ಲಾಂಗ್ ಕಂಡರೆ ಸಮಾಜ ಕೆಡುತ್ತದೆ ಎಂದು ಸಂಪಾದಕೀಯ ಬರೆಯುತ್ತೇವೆ. ಖಾಕಿ ತೊಟ್ಟವನು ಲಾಕಪ್ಪಿನಲ್ಲಿ ಹೊಡೆದರೆ ಥಿಯೇಟರಿನಲ್ಲಿ ಶಿಳ್ಳೆ ಬೀಳುತ್ತದೆ, ಅದರ ಬಗ್ಗೆ ಯಾರೂ ಬರೆಯುವುದಿಲ್ಲ. ‘ಸಾಂಗ್ಲಿಯಾನ’ದ ಕಾಲದಿಂದ ಇದೇ ನಡೆದುಬಂದಿದೆ. ನಿಜವಾದ ರೌಡಿಗಳನ್ನೇ ತಂದು ಕ್ಯಾಮೆರಾ ಮುಂದೆ ನಿಲ್ಲಿಸಿದ ಉಪೇಂದ್ರರ ‘ಓಂ’ ನನಗೆ ಇಂದಿಗೂ ಹೆಚ್ಚು ಸತ್ಯವಾಗಿ ಕಾಣುವುದು ಈ ಕಾರಣಕ್ಕೆ. ಅದು ಅವರನ್ನು ನಮ್ಮ ಬೀದಿಯ, ನಮ್ಮ ಮನೆಗಳ ಹುಡುಗರೆಂದು ಒಪ್ಪಿಕೊಂಡಿತು. ಪುರೋಹಿತರ ಮಗ ಹೇಗೆ ರೌಡಿಯಾದ ಎಂದು ಕೇಳಿತು. ವೀರಪ್ಪನ್ ಬಗ್ಗೆ ಈ ಪ್ರಶ್ನೆಯನ್ನು ನಾವು ಕೇಳದಿರಲು ಇನ್ನೊಂದು ಕಾರಣವಿದೆ, ಅದನ್ನೂ ಹೇಳಿಬಿಡುತ್ತೇನೆ. ಅವನನ್ನು ನಾವು ತಮಿಳನೆಂದು ಬೇರೆ ಇಟ್ಟೆವು. ಗೋಪಿನಾಥಂ ಕರ್ನಾಟಕದ ಹಳ್ಳಿ, ಅಲ್ಲಿನ ಜನ ಕರ್ನಾಟಕದ ಮತದಾರರು. ಮನೆಮಾತು ತಮಿಳಾದ ಮಾತ್ರಕ್ಕೆ ಅವರ ಕತೆ ನಮ್ಮದಲ್ಲ ಎಂದುಕೊಂಡದ್ದು ನಮ್ಮ ಸಣ್ಣತನ.

ಅದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಬಿಳಿಗಿರಿರಂಗನ ಬೆಟ್ಟ, ಮಹದೇಶ್ವರ ಬೆಟ್ಟ ಮತ್ತು ಆಚೆಯ ತಮಿಳುನಾಡಿನ ಕಾಡುಗಳಲ್ಲಿರುವ ಸೋಲಿಗರು ಆಡುವ ನುಡಿ ಕನ್ನಡದ ಒಡಹುಟ್ಟು, ಮಹದೇಶ್ವರನ ಕತೆ ಅವರ ಕತೆಯೂ ಹೌದು. ವೀರಪ್ಪನ್ ಬೇಟೆಯಲ್ಲಿ ಅವರು ಪಟ್ಟ ಪಾಡು ಕಾದಂಬರಿಯಾದದ್ದು ತಮಿಳಿನಲ್ಲಿ, ಸ. ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ಯಾಗಿ. ಕಾರ್ಯಾಚರಣೆಯ ಹೆಸರಿನಲ್ಲಿ ಪೊಲೀಸರು ಹಳ್ಳಿಯ ಹೆಂಗಸರನ್ನು ಹಿಂಸಿಸುವುದನ್ನು ಕಣ್ಣು ತಪ್ಪಿಸದೆ ತೋರಿಸಿದ್ದೂ ತಮಿಳಿನ ವೆಟ್ರಿಮಾರನ್, ‘ವಿಡುದಲೈ’ಯಲ್ಲಿ. ನಮ್ಮಲ್ಲಿ ‘ಕಾಂತಾರ’ 2022ರಲ್ಲಿ ಅರಣ್ಯ ಇಲಾಖೆಯನ್ನು ಊರಿನ ಎದುರಿಗೆ ನಿಲ್ಲಿಸಿತು, ಅಧಿಕಾರಿಯಾಗಿ ಅದೇ ಕಿಶೋರ್ ಇದ್ದರು. ಬೇಲಿಯ ಎರಡೂ ಬದಿಯನ್ನು ಮೈಯಲ್ಲಿ ಅರಿತ ನಟ ಅವರೊಬ್ಬರೇ. ಆದರೆ ಅಲ್ಲೂ ಕೊನೆಗೆ ಇಲಾಖೆ ಮತ್ತು ಊರು ಕೈ ಕೈ ಹಿಡಿದು ಜಮೀನ್ದಾರನೊಬ್ಬನ ಮೇಲೆ ಎಲ್ಲ ಪಾಪ ಹೊರಿಸಿ ಹಗುರಾದವು.

1993ರ ಸುಮಾರಿಗೆ ಇಪ್ಪತ್ತರ ಹರೆಯದಲ್ಲಿ ಮೈಸೂರು ಜೈಲು ಸೇರಿದವರು ಈಗ ಐವತ್ತು ದಾಟಿದ್ದಾರೆ. ಹನೂರು ತಾಲ್ಲೂಕಿನ ಹಳ್ಳಿಗಳಲ್ಲಿ ಅವರನ್ನು ಕಂಡು ಮಾತಾಡಿಸುವುದಕ್ಕೆ ಬೆಂಗಳೂರಿನಿಂದ ಒಂದು ಹಗಲಿನ ಬಸ್ ಪ್ರಯಾಣ ಸಾಕು. ಮುಂದಿನ ‘ನೈಜ ಘಟನೆ ಆಧಾರಿತ’ ಚಿತ್ರ ಮಾಡುವವರು ಮೊದಲು ಅಲ್ಲಿಗೆ ಹೋಗಲಿ, ಪೊಲೀಸ್ ಠಾಣೆಗೆ ಆಮೇಲೆ ಹೋಗಬಹುದು.