ಕ್ರೋಮೊಸೋಮಿನ ತುದಿ ಮತ್ತು ‘ವಂಚನೆ’ ಎಂಬ ಮಾತು

ಪರೋಪಜೀವಿಗಳನ್ನು ಕುರಿತು ಪಾಠ ಹೇಳುವಾಗ, ಅವು ವೇಷ ಬದಲಿಸಿ ನಮ್ಮ ದೇಹವನ್ನು ವಂಚಿಸುತ್ತವೆಂದು ಹೇಳುವ ವಾಡಿಕೆಯುಂಟು. ಕ್ರೋಮೊಸೋಮಿನ ತುದಿಯಾದರೋ ಒಳಗಿನ ಜೀನುಗಳನ್ನು ಕಾಯುವ ಮುಚ್ಚಳವೆಂದಷ್ಟೇ ವರ್ಣಿತವಾಗುತ್ತದೆ. ಈ ಎರಡನೆಯ ಮಾತು ಅಪೂರ್ಣವೆಂದೂ ಮೊದಲನೆಯದು ದಾರಿತಪ್ಪಿಸುವಂಥದೆಂದೂ ನಾವು ಭಾವಿಸುತ್ತೇವೆ.

ಆಫ್ರಿಕದ ನಿದ್ರಾರೋಗವನ್ನು ಪರಿಶೀಲಿಸೋಣ. ಅದಕ್ಕೆ ಕಾರಣವಾದ ಟ್ರಿಪನೊಸೋಮ ಎಂಬ ಏಕಕೋಶಜೀವಿಯು ಟ್ಸೆಟ್ಸಿ ನೊಣದ ಕಡಿತದಿಂದ ದೇಹವನ್ನು ಸೇರುತ್ತದೆ. 1910ರಲ್ಲಿ ರೊನಾಲ್ಡ್ ರಾಸ್ ಮತ್ತು ಡೇವಿಡ್ ಥಾಮ್ಸನ್ ಒಬ್ಬ ರೋಗಿಯ ರಕ್ತದಲ್ಲಿ ಈ ಜೀವಿಗಳನ್ನು ದಿನದಿನವೂ ಎಣಿಸಿ, ಅವುಗಳ ಸಂಖ್ಯೆ ಅಲೆಗಳಂತೆ ಏರಿಳಿಯುವುದನ್ನು ತೋರಿಸಿದರು. ಇದರ ಕಾರಣ ತಿಳಿದುದು ಬಹುಕಾಲದ ಮೇಲೆ. ಜೀವಿಯ ಮೈಯನ್ನು ಒಂದೇ ಬಗೆಯ ಪ್ರೋಟೀನಿನ ಸುಮಾರು 1 ಕೋಟಿ ಅಣುಗಳು ಹೊದಿಕೆಯಂತೆ ಆವರಿಸಿವೆ. ಈ ಹೊದಿಕೆಯ ಜೀನುಗಳೂ ಅವುಗಳ ತುಣುಕುಗಳೂ ಸೇರಿ 2000ಕ್ಕೂ ಹೆಚ್ಚು. ಆದರೆ ಸಾಮಾನ್ಯವಾಗಿ ಒಂದು ಕಾಲಕ್ಕೆ ಒಂದೇ ಜೀನು ಕೆಲಸಮಾಡುತ್ತದೆ; ಅದೂ ಕ್ರೋಮೊಸೋಮಿನ ತುದಿಗೆ ಸಮೀಪವಾದ ನೆಲೆಯಲ್ಲಿ. ಅಂಥ ನೆಲೆಗಳು ಸುಮಾರು 15. ಒಂದನ್ನುಳಿದು ಮಿಕ್ಕವು ಮೌನವಾಗಿರುತ್ತವೆ.

ತುದಿಯೇ ಏಕೆ? ಅಲ್ಲಿ ಜೀನುಗಳನ್ನು ಅಡಗಿಸಿಡುವ ಏರ್ಪಾಡುಂಟು. ಅಲ್ಲಿಯ ಡಿಎನ್‌ಎ ತುಂಡಾದಾಗ ಬೇರೆಡೆಯ ಪ್ರತಿಯನ್ನು ಅನುಸರಿಸಿ ದುರಸ್ತಿಯಾಗುವುದರಿಂದ, ಹಳೆಯ ಜೀನಿನ ಸ್ಥಾನಕ್ಕೆ ಹೊಸದು ಬರಬಹುದು. ಒಳಭಾಗದ ಅಗತ್ಯ ಜೀನುಗಳಿಗೆ ಬಾಧೆ ತಟ್ಟದು. ಕೆಲಸಮಾಡುತ್ತಿರುವ ಜೀನಿನ ಬಳಿ ಡಿಎನ್‌ಎಯನ್ನು ಬೇಕೆಂದೇ ಕತ್ತರಿಸಿದರೆ ಹೊದಿಕೆಯ ಬದಲಾವಣೆ ಬಹಳ ಹೆಚ್ಚುವುದೆಂದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಮುಚ್ಚಳವೆಂದುಕೊಂಡದ್ದರ ಬಳಿಯೇ ಒಂದು ಕಮ್ಮಟವಿದೆಯೆಂದಾಯಿತು.

‘ವಂಚನೆ’ ಎಂಬ ಮಾತು ಸೋಲುವುದು ಇಲ್ಲಿಯೇ. ಪ್ರತಿಕಾಯಗಳು ಬಂದುದನ್ನು ಅರಿತು ಜೀವಿಯು ಹೊದಿಕೆಯನ್ನು ಬದಲಿಸುವುದಿಲ್ಲ. ಪ್ರತಿಕಾಯಗಳೇ ಇಲ್ಲದ ಪ್ರಯೋಗಶಾಲೆಯ ಪಾತ್ರೆಯಲ್ಲಿಯೂ ಬದಲಾವಣೆ ನಡೆಯುತ್ತದೆ. ಕೋಟ್ಯಂತರ ಜೀವಿಗಳಲ್ಲಿ ಕೆಲವು ಮೊದಲೇ ಬೇರೆ ಹೊದಿಕೆ ತಳೆದಿರುತ್ತವೆ. ಪ್ರತಿಕಾಯಗಳು ಉಳಿದವನ್ನು ನಾಶಮಾಡಲು, ಆ ಕೆಲವೇ ಬೆಳೆದು ಮುಂದಿನ ಅಲೆಯಾಗುತ್ತವೆ. ಆಯ್ಕೆಗಾರ ನಮ್ಮ ದೇಹವೇ.

ನಮ್ಮ ವಾದಕ್ಕೂ ಮಿತಿಯುಂಟು. ಮಲೇರಿಯದ ಪ್ಲಾಸ್ಮೋಡಿಯಮ್ ಫಾಲ್ಸಿಪಾರಮ್‌ನಲ್ಲಿ ಇಂಥದೇ ಕಾರ್ಯದ ಸುಮಾರು 60 ಜೀನುಗಳಿದ್ದು, ಹೆಚ್ಚಿನವು ತುದಿಗಳ ಸಮೀಪದಲ್ಲಿವೆ. ಕೆಲವು ಮಾತ್ರ ಒಳಭಾಗದಲ್ಲಿವೆ. ಆದುದರಿಂದ ತುದಿಯು ಅನುಕೂಲವಾದ ನೆಲೆಯೆನ್ನಬಹುದೇ ಹೊರತು ಅನಿವಾರ್ಯವೆನ್ನಲಾಗದು.

ಇದು ಬರಿಯ ಪದವಿಚಾರವಲ್ಲ. ಬದಲಾವಣೆಯು ದಾಳಿಗೆ ಕೊಟ್ಟ ಉತ್ತರವೆಂದು ತಿಳಿದವನು ಆ ಉತ್ತರವನ್ನು ತಡೆಯಲು ಹೊರಡುತ್ತಾನೆ. ಅದು ದಾಳಿಗೆ ಮೊದಲೇ ಸಿದ್ಧವಾಗಿರುವುದೆಂದು ತಿಳಿದವನಿಗೆ, ಒಂದು ಹೊದಿಕೆಯನ್ನು ಗುರಿಯಿಟ್ಟ ಲಸಿಕೆ ಏಕೆ ಸಾಲದೆಂಬುದು ಸ್ಪಷ್ಟವಾಗುತ್ತದೆ. ನಿದ್ರಾರೋಗಕ್ಕೆ ಇಂದಿಗೂ ಲಸಿಕೆಯಿಲ್ಲ. ಹೊದಿಕೆ ಏಕೆ ಬದಲಾಗುತ್ತದೆಂಬ ಪ್ರಶ್ನೆಗೆ ‘ತಪ್ಪಿಸಿಕೊಳ್ಳಲು’ ಎಂದು ಬರೆದ ವಿದ್ಯಾರ್ಥಿ ಉದ್ದೇಶವನ್ನು ಹೇಳಿದನಲ್ಲದೆ ಕಾರಣವನ್ನು ಹೇಳಲಿಲ್ಲ. ಆ ತಪ್ಪಿನಲ್ಲಿ ಅಧ್ಯಾಪಕರಾದ ನಮ್ಮ ಪಾಲೂ ಇದೆ.