ನಡುವಯಸ್ಸಿನ ನಾಯಕನೂ ನಮ್ಮ ಸೀಮೆಯ ಓದುಗರೂ

1965ನೆಯ ವರ್ಷ ಕನ್ನಡ ಕಾದಂಬರಿಯ ಚರಿತ್ರೆಯಲ್ಲಿ ವಿಶೇಷವಾಗಿ ಗಣನೀಯವಾದುದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ ಎಸ್. ಎಲ್. ಭೈರಪ್ಪನವರ ‘ವಂಶವೃಕ್ಷ’ವೂ ಅದೇ ವರ್ಷ ಹೊರಬಂದವು; ಶಾಸ್ತ್ರಜ್ಞನೂ ಗೃಹಸ್ಥನೂ ಊರಿಗೆ ಪೂಜ್ಯನೂ ಆದ ಪುರುಷನೊಬ್ಬನು, ದೇಹಬಲವಿಲ್ಲದ ಹೆಂಡತಿಯೊಡನೆ ಬಾಳುತ್ತಿರುವಾಗ, ಇನ್ನೊಬ್ಬ ಹೆಣ್ಣಿನ ಸಾನ್ನಿಧ್ಯದಲ್ಲಿ ತನ್ನ ಧರ್ಮವು ಒರೆಗೆ ಹತ್ತುವುದನ್ನು ಕಾಣುವ ಪ್ರಸಂಗವು ಎರಡರಲ್ಲಿಯೂ ಉಂಟು. ಒಬ್ಬ ಹೆಂಡತಿಯ ಹೆಸರು ಭಾಗೀರಥಿ, ಇನ್ನೊಬ್ಬಳದು ಭಾಗೀರತಮ್ಮ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಕಾಡಿನ ಕತ್ತಲಲ್ಲಿ ಚಂದ್ರಿಯನ್ನು ಕೂಡುತ್ತಾರೆ. ‘ವಂಶವೃಕ್ಷ’ದ ಶ್ರೀನಿವಾಸ ಶ್ರೋತ್ರಿಯರು ಲಕ್ಷ್ಮಿಯ ಕಡೆಗೆ ಮನಸ್ಸು ಹರಿದ ಮೇಲೂ ಹಿಂದೆ ಸರಿಯುತ್ತಾರೆ. ಕನ್ನಡದ ಓದುಗರು ಅಂದಿನಿಂದ ಇಂದಿನವರೆಗೆ ಈ ಎರಡು ದಾರಿಗಳ ಕೂಡುಸ್ಥಳದಲ್ಲಿ ನಿಂತು ವಾದಿಸುತ್ತಲೇ ಇದ್ದಾರೆ.

ಈ ವಾದವು ಗದಗಿನ ಸೀಮೆಗೆ ಮನೆಯ ಮಾತೇ ಆಗಿದೆ. ‘ಸಂಸ್ಕಾರ’ವನ್ನು ಪ್ರಕಟಿಸಿದ ಧಾರವಾಡದ ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಕಟ್ಟಿದ ಜಿ. ಬಿ. ಜೋಶಿಯವರು ಗದಗಿನ ಹತ್ತಿರದ ಹೊಂಬಳದವರು. ಆ ಗ್ರಂಥಮಾಲೆಗೆ ವಿಮರ್ಶೆಯ ಕಣ್ಣಾಗಿದ್ದ ಕೀರ್ತಿನಾಥ ಕುರ್ತಕೋಟಿಯವರು ಗದಗಿನವರು, ಅವರ ತರುವಾಯ ನವ್ಯ ವಿಮರ್ಶೆಯನ್ನು ಬೆಳೆಸಿದ ಗಿರಡ್ಡಿ ಗೋವಿಂದರಾಜರು ಅಬ್ಬಿಗೇರಿಯವರು. ಮುದ್ರಣಕಾಶಿಯೆಂದು ಹೆಸರಾದ ಗದಗ-ಬೆಟಗೇರಿಯಲ್ಲಿ ಪುಸ್ತಕವು ಜೀವನೋಪಾಯವೂ ಆಗಿತ್ತು. ಆದಕಾರಣ ಇಲ್ಲಿಯ ಓದುಗನು ನವ್ಯ ಕಾದಂಬರಿಯನ್ನು ದೂರದ ವಸ್ತುವೆಂದು ಕಂಡವನಲ್ಲ.

ಆ ಓದುಗರಲ್ಲಿ ಹುಟ್ಟಿದ ಭಿನ್ನಾಭಿಪ್ರಾಯವನ್ನು ಸಂಪ್ರದಾಯಸ್ಥರು ಮತ್ತು ಆಧುನಿಕರು ಎಂಬ ಎರಡು ಪಂಗಡಗಳ ಜಗಳವೆಂದು ಬಗೆಯುವುದು ರೂಢಿ. ‘ಸಂಸ್ಕಾರ’ದಲ್ಲಿಯ ಅಗ್ರಹಾರದ ಚಿತ್ರಣದಿಂದ ನೊಂದ ಮಾಧ್ವ ಓದುಗರ ಆಕ್ಷೇಪಣೆಗಳೂ, ಅದನ್ನು ಆಧರಿಸಿದ ಪಟ್ಟಾಭಿರಾಮ ರೆಡ್ಡಿಯವರ ಚಲನಚಿತ್ರವು 1970ರಲ್ಲಿ ಮೊದಲು ಸೆನ್ಸಾರಿನ ನಿಷೇಧವನ್ನೂ ಅನಂತರ ರಾಷ್ಟ್ರಪತಿಗಳ ಸ್ವರ್ಣಪದಕವನ್ನೂ ಪಡೆದುದೂ ಆ ರೂಢಿಗೆ ಪುಷ್ಟಿ ಕೊಟ್ಟವು. ಆದರೆ ಶಿರಹಟ್ಟಿ, ಮುಂಡರಗಿಗಳ ಶಿಕ್ಷಕರ ಬಾಯಲ್ಲಿ ನಾನು ಕೇಳಿದ ಮಾತುಗಳು ಬೇರೊಂದು ಗೆರೆಯನ್ನು ತೋರಿಸುತ್ತವೆ. ಅದು ವಯಸ್ಸಿನ ಗೆರೆ. ಇಪ್ಪತ್ತೈದರಲ್ಲಿ ಓದಿದವನಿಗೆ ಚಂದ್ರಿಯ ತೊಡೆಯ ಮೇಲೆ ಎಚ್ಚರಗೊಂಡ ಆಚಾರ್ಯರ ಕ್ಷಣವೇ ಕೃತಿಯ ಸರ್ವಸ್ವ, ಬಿಡುಗಡೆಯ ಘೋಷಣೆ. ಅದೇ ಓದುಗನು ಐವತ್ತರಲ್ಲಿ, ಮನೆಯೊಳಗೆ ತಾಯಿಯದೋ ಹೆಂಡತಿಯದೋ ಕಾಯಿಲೆಯನ್ನು ವರ್ಷಗಟ್ಟಲೆ ನೋಡಿಕೊಂಡವನಾಗಿ, ಮತ್ತೆ ಆ ಪುಸ್ತಕವನ್ನು ತೆರೆದಾಗ, ರೋಗಿಯಾದ ಭಾಗೀರಥಿಯನ್ನು ಪ್ರತಿದಿನವೂ ಉಪಚರಿಸಿದ ಕೈಗಳೇ ಅವನ ಕಣ್ಣಿಗೆ ಮೊದಲು ಬೀಳುತ್ತವೆ. ಆ ಸೇವೆಯನ್ನು ಆಚಾರ್ಯರು ತಮ್ಮ ಮೋಕ್ಷದ ಸಾಧನವೆಂದು ಎಣಿಸಿದ್ದರು ಎಂಬುದು ಆಗ ಮುಳ್ಳಿನಂತೆ ನಾಟುತ್ತದೆ.

ನಡುವಯಸ್ಸಿನ ತಿರುವು ನಮಗೆ ಹೊಸದಲ್ಲ. ತನ್ನ ಕನ್ನಡವು ಪುಲಿಗೆರೆಯದೆಂದು, ಎಂದರೆ ಇಂದಿನ ಲಕ್ಷ್ಮೇಶ್ವರದ್ದೆಂದು, ಅಭಿಮಾನದಿಂದ ಹೇಳಿಕೊಂಡ ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿ, ಭೋಗದ ನಡುವೆ ಕುಳಿತ ಆದಿದೇವನು ನೃತ್ಯದ ಮಧ್ಯದಲ್ಲಿಯೇ ನೀಲಾಂಜನೆಯ ಆಯುಸ್ಸು ಮುಗಿದುದನ್ನು ಕಂಡು, ಇಂದ್ರನು ಅವಳ ಸ್ಥಾನದಲ್ಲಿ ಬೇರೊಬ್ಬಳನ್ನು ನಿಲ್ಲಿಸಿದುದನ್ನೂ ಅರಿತು, ವಿರಕ್ತನಾಗುತ್ತಾನೆ. ಭೋಗದಿಂದ ವೈರಾಗ್ಯಕ್ಕೆ ಹೋಗುವ ಈ ಮಾರ್ಗವನ್ನು ಪುರಾಣ-ಪ್ರವಚನಗಳ ಮೂಲಕ ತಲೆಮಾರುಗಳಿಂದ ಕೇಳಿ ಬಲ್ಲ ಜನರಿಗೆ, ‘ಸಂಸ್ಕಾರ’ವು ವೈರಾಗ್ಯದಿಂದ ದೇಹದ ಕಡೆಗೆ ತಿರುಗಿದ್ದು ಅದೇ ಹಾದಿಯಲ್ಲಿ ಹಿಮ್ಮುಖವಾಗಿ ನಡೆದಂತೆ ತೋರಿತು, ಅವರ ಅಸಮಾಧಾನದಲ್ಲಿ ಮಡಿವಂತಿಕೆಗಿಂತ ಕಾವ್ಯಸಂಸ್ಕಾರದ ಪಾಲೇ ಹೆಚ್ಚೆಂದು ನಾನು ನಂಬಿದ್ದೇನೆ.

ಕುರ್ತಕೋಟಿಯವರ ಪರಂಪರೆಯ ದೊಡ್ಡ ಗುಣವೂ ಇಲ್ಲಿಯೇ ಇದೆ. ಪಂಪ-ಕುಮಾರವ್ಯಾಸರನ್ನೂ, ಪೂರ್ವಿಕರು ಶಿರಹಟ್ಟಿಯವರಾಗಿದ್ದ ಬೇಂದ್ರೆಯವರನ್ನೂ, ನವ್ಯರನ್ನೂ ಒಂದೇ ಪ್ರವಾಹದಲ್ಲಿಟ್ಟು ನೋಡಬಲ್ಲ ದೃಷ್ಟಿ ಅದರದು. 1962ರ ‘ಯುಗಧರ್ಮ ಹಾಗೂ ಸಾಹಿತ್ಯ ದರ್ಶನ’ದ ಹೆಸರೇ ಆ ವ್ಯಾಪ್ತಿಯನ್ನು ಸೂಚಿಸುತ್ತದೆ. ಆದರೂ ನವ್ಯ ವಿಮರ್ಶೆಯು ಒಟ್ಟಾರೆಯಾಗಿ ನಾಯಕನ ಆತ್ಮಶೋಧನೆಗೆ ಎಷ್ಟು ಮನಸೋತಿತೆಂದರೆ, ಆ ಶೋಧನೆಗೆ ಯಾರು ಯಾರು ಸಾಮಗ್ರಿಯಾದರು ಎಂದು ಅದು ಬಹುಕಾಲ ಕೇಳಲಿಲ್ಲ. ನೀಲಾಂಜನೆಯು ಸತ್ತು ಆದಿದೇವನಿಗೆ ಅರಿವನ್ನು ಕೊಟ್ಟಳು. ಭಾಗೀರಥಿಯು ಪ್ಲೇಗಿನಿಂದ ಸತ್ತು ಪ್ರಾಣೇಶಾಚಾರ್ಯರಿಗೆ ದಾರಿಯನ್ನು ತೆರೆದಳು. ಊರಿನ ಪಂಡಿತರೆಲ್ಲ ತೀರ್ಮಾನಿಸಲಾರದ, ಅಗ್ರಹಾರದ ಇನ್ನೊಬ್ಬನ ಶವದಹನವನ್ನು ಒಂದು ರಾತ್ರಿಯಲ್ಲಿ ಮುಗಿಸಿದ ಚಂದ್ರಿಯು ಕಥೆಯಿಂದ ಹೊರಟುಹೋಗುತ್ತಾಳೆ. ಅವಳ ಮುಂದಿನ ಬಾಳನ್ನು ಕುರಿತು ಲೇಖಕರಿಗೂ ವಿಮರ್ಶಕರಿಗೂ ಕುತೂಹಲವಿಲ್ಲ. ಎ. ಕೆ. ರಾಮಾನುಜನ್ನರ ಇಂಗ್ಲಿಷ್ ಅನುವಾದವನ್ನು ಓದಿ ವಿ. ಎಸ್. ನೈಪಾಲರು 1977ರಲ್ಲಿ ಈ ಕೃತಿಯನ್ನು ಹಿಂದೂ ಮನಸ್ಸಿನ ಆತ್ಮಮಗ್ನತೆಗೆ ನಿದರ್ಶನವಾಗಿ ಎತ್ತಿಕೊಂಡರು. ಒಂದು ಕಾದಂಬರಿಯಿಂದ ಇಡೀ ನಾಗರಿಕತೆಯ ಮೇಲೆ ತೀರ್ಪು ಕೊಡುವ ಅವರ ರೀತಿಯನ್ನು ನಾನು ಒಪ್ಪಲಾರೆ. ಆದರೆ ನಾಯಕನ ದೃಷ್ಟಿ ತನ್ನಲ್ಲಿಯೇ ನೆಟ್ಟಿದೆ ಎಂಬುದನ್ನು ಅಲ್ಲಗಳೆಯುವುದೂ ಕಷ್ಟ.

ಈ ಒಂದು ವಿಷಯದಲ್ಲಿ, ನವ್ಯರು ಅಷ್ಟಾಗಿ ಆದರಿಸದ ‘ವಂಶವೃಕ್ಷ’ವು ಹೆಚ್ಚು ಉದಾರವಾಗಿದೆ. ನಡುವಯಸ್ಸಿನ ವಿದ್ವಾಂಸರಾದ ಸದಾಶಿವರಾಯರು ತಮ್ಮ ಇತಿಹಾಸ ಸಂಶೋಧನೆಗೆ ನೆರವಾದ ಸಿಂಹಳದ ಕರುಣಾರತ್ನೆಯನ್ನು ಮದುವೆಯಾದಾಗ, ಕಾದಂಬರಿಯು ಅವರ ಹಿಂದೆಯೇ ಹೊರಟುಹೋಗುವುದಿಲ್ಲ. ಬಿಟ್ಟುಹೋದ ಮನೆಗೂ ಮರಳಿ ಬರುತ್ತದೆ. ಅಲ್ಲಿ ಅವರ ಹೆಂಡತಿ ನಾಗಲಕ್ಷ್ಮಿ, ಹೆಚ್ಚು ಓದಿಲ್ಲದವಳು, ಗಂಡನ ಗ್ರಂಥಗಳ ಮಹತ್ತ್ವವನ್ನು ಅಳೆಯಲಾರದವಳು, ರಾಮನಾಮವನ್ನು ಬರೆಯುತ್ತ ಕುಳಿತಿದ್ದಾಳೆ. ಗಂಡಿನ ನಡುವಯಸ್ಸು ತತ್ತ್ವಜಿಜ್ಞಾಸೆಯಾದರೆ ಹೆಣ್ಣಿನದು ದಿನ ಕಳೆಯುವ ಕಷ್ಟ; ಆ ಕಷ್ಟಕ್ಕೂ ಘನತೆಯುಂಟೆಂದು ಆ ಪುಟಗಳು ಕಾಣಿಸಿಕೊಡುತ್ತವೆ. ಭೈರಪ್ಪನವರ ನಿಲುವುಗಳೊಡನೆ ನನಗೆ ಭೇದವುಂಟು, ಶ್ರೋತ್ರಿಯರ ಆದರ್ಶವು ಅತಿಯಾಗಿ ನಯಗೊಂಡಿದೆಯೆಂದೂ ನನಗೆ ತೋರುತ್ತದೆ. ಆದರೆ ಗದಗಿನಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಆ ಕಾದಂಬರಿಯನ್ನು ಓದಿ ಕಣ್ಣೀರು ಹಾಕಿದ ಗೃಹಿಣಿಯರನ್ನು ಭಾವುಕರೆಂದು ಬದಿಗಿರಿಸಿದ ವಿಮರ್ಶೆಯು, ಕೃತಿಯ ಅತ್ಯಂತ ಬೆಲೆಯುಳ್ಳ ಭಾಗವನ್ನು ಗುರುತಿಸಿದ ಓದುಗರನ್ನೇ ಕಳೆದುಕೊಂಡಿತು.