ಅವರಪ್ಪನೂ ತಡವಾಗಿಯೇ ಮಾತಾಡಿದ್ದು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಎರಡು ವರ್ಷ ತುಂಬಿದ ಗಂಡುಕೂಸು ಇನ್ನೂ ಮಾತಾಡುತ್ತಿಲ್ಲ ಎಂದು ತಾಯಿಯೊಬ್ಬಳು ಹೇಳಿಕೊಂಡರೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಅಯ್ಯೋ ಬುಡವ್ವ, ಗಂಡೈಕ ತಡವಾಗೇ ಮಾತಾಡದು. ಅವ್ರಪ್ಪನೂ ಮೂರೊರ್ಸ ಆದ್ಮೇಲೇ ಕನ ಬಾಯ್ಬುಟ್ಟದ್ದು." ಅತ್ತೆ ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಚುಚ್ಚುಮದ್ದಿನ ಸಾಲಿನಲ್ಲಿ ನಿಂತ ಇನ್ನೊಬ್ಬ ತಾಯಿ ಹೇಳುತ್ತಾಳೆ, ಅಪರೂಪಕ್ಕೆ ಡಾಕ್ಟರೂ ಹೇಳಿ ಕಳಿಸುತ್ತಾರೆ. ಇದನ್ನು ಹಳ್ಳಿಯವರ ಮೌಢ್ಯ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಬರೀ ಮೌಢ್ಯವಾಗಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಬಹಳಷ್ಟು ಸಲ ಅದು ನಿಜವಾಗುತ್ತದೆ, ಅದಕ್ಕೇ ಬಾಳಿದೆ. ನನ್ನ ತಕರಾರು ಇರುವುದೂ ಅಲ್ಲೇ.

ಎರಡನೇ ವರ್ಷ ಮುಗಿಯುವ ಹೊತ್ತಿಗೆ ಮಗುವಿನ ಬಾಯಲ್ಲಿ ಸುಮಾರು 50 ಪದಗಳಿರಬೇಕು, 'ಅವ್ವ ಬಾ', 'ಹಾಲು ಬ್ಯಾಡ' ಎಂಬಂಥ ಎರಡು ಪದಗಳ ಜೋಡಣೆ ಶುರುವಾಗಿರಬೇಕು ಎಂಬುದು ವಾಕ್ ತಜ್ಞರು ಇಟ್ಟುಕೊಂಡಿರುವ ಗೆರೆ. 100 ಮಕ್ಕಳಲ್ಲಿ 10ರಿಂದ 20 ಮಕ್ಕಳು ಆ ವಯಸ್ಸಿಗೆ ಈ ಗೆರೆ ಮುಟ್ಟಿರುವುದಿಲ್ಲ. ಕಿವಿ, ಬುದ್ಧಿ, ಬೇರೆ ಬೆಳವಣಿಗೆ ಎಲ್ಲ ಸರಿಯಿದ್ದು ಮಾತು ಮಾತ್ರ ತಡವಾದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಶಾಲೆಗೆ ಹೋಗುವ ವಯಸ್ಸಿನೊಳಗೆ ಓರಗೆಯವರನ್ನು ಹಿಡಿದುಬಿಡುತ್ತಾರೆ. ಅಂದರೆ 'ಬತ್ತದ ಬುಡು' ಎಂದು ಕಣ್ಣುಮುಚ್ಚಿ ಹೇಳಿದರೂ ಗೆಲ್ಲುವ ಸಂಭವವೇ ಜಾಸ್ತಿ. ಹೀಗೆ ಗೆದ್ದವರ ಮಕ್ಕಳೇ ಮುಂದೆ ಜಗಲಿಯ ಮೇಲೆ ಉದಾಹರಣೆಯಾಗುತ್ತಾರೆ. ಮಾತು ಬಾರದೆ ಉಳಿದವನನ್ನು ಯಾರೂ ಉದಾಹರಣೆಗೆ ಎತ್ತಿಕೊಳ್ಳುವುದಿಲ್ಲ. ಊರು ಅವನಿಗೆ 'ಮೂಗ' ಎಂದು ಹೆಸರಿಟ್ಟು ಬೇರೆ ಲೆಕ್ಕಕ್ಕೆ ಹಾಕಿರುತ್ತದೆ. ಅವನು ಎರಡು ವರ್ಷದವನಿದ್ದಾಗ ಅವನ ತಾಯಿಗೂ ಇದೇ ಸಮಾಧಾನ ಹೇಳಿದ್ದು ಹೇಳಿದವರಿಗೇ ನೆನಪಿರುವುದಿಲ್ಲ. ಇನ್ನು ಕೆಲವರಿಗೆ ಮಾತೇನೋ ಬಂದಿರುತ್ತದೆ, ಓದು ಬರಹ ಹಿಂದೆ ಬಿದ್ದಿರುತ್ತದೆ. ಮೂರನೇ ಕ್ಲಾಸಿನಲ್ಲಿ ಮೇಷ್ಟರು ದಡ್ಡ ಎಂದು ಬೈಯುವಾಗ ಅದಕ್ಕೂ ತಡವಾದ ಮಾತಿಗೂ ನಂಟಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಆ ಸಮಾಧಾನದ ಮಾತಿನೊಳಗಿನ ಎರಡು ಕಾರಣಗಳನ್ನೇ ನೋಡಿ: ಗಂಡುಮಗು, ಮತ್ತು ಅಪ್ಪನೂ ತಡ. ಗಂಡುಮಕ್ಕಳು ಮಾತಿನಲ್ಲಿ ಹೆಣ್ಣುಮಕ್ಕಳಿಗಿಂತ ಹಿಂದಿರುವುದು ನಿಜ, ಆದರೆ ಸರಾಸರಿಯಲ್ಲಿ ಆ ಅಂತರ ಒಂದೆರಡು ತಿಂಗಳಿನದು, ವರ್ಷದ್ದಲ್ಲ. ಹಾಗೆಯೇ ಭಾಷೆಯ ತೊಂದರೆ, ತೊದಲು, ಆಟಿಸಂ ಇವೆಲ್ಲ ಹೆಚ್ಚಾಗಿ ಕಾಣುವುದೂ ಗಂಡುಮಕ್ಕಳಲ್ಲೇ. ಅಪ್ಪನಿಗೋ ಚಿಕ್ಕಪ್ಪನಿಗೋ ಮಾತು ತಡವಾಗಿತ್ತು ಎಂಬುದನ್ನು ವಾಕ್ ತಜ್ಞರು ಹಾಳೆಯಲ್ಲಿ ಬರೆದುಕೊಳ್ಳುವುದು ಅಪಾಯದ ಗುರುತುಗಳ ಕೆಳಗೆ. ಮನೆತನದಲ್ಲಿ ತಡವಿದ್ದರೆ ಈ ಮಗುವಿನ ತಡ ಮುಂದುವರಿಯುವ ಸಂಭವ ಜಾಸ್ತಿ. ಕೂಸನ್ನು ತೋರಿಸುವುದು ಬೇಡ ಎನ್ನುವುದಕ್ಕೆ ಊರು ಕೊಡುವ ಎರಡೂ ಕಾರಣಗಳು ತೋರಿಸಲೇಬೇಕು ಎನ್ನುವುದಕ್ಕೆ ಇರುವ ಕಾರಣಗಳು. ಅಪ್ಪ ಈಗ ಸಂತೆಯಲ್ಲಿ ಚೌಕಾಸಿ ಮಾಡುತ್ತಾನೆ ಎನ್ನುವುದರಿಂದ ಮಗನ ಕಿವಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಕಿವಿ ಎಂದೆ. ಈ ಇಡೀ ಚರ್ಚೆಯಲ್ಲಿ ಮೊದಲು ಬರಬೇಕಾದದ್ದು ಅದು, ಬರುವುದು ಕೊನೆಗೆ. "ಕಿವಿ ಚೆನ್ನಾಗೇ ಕೇಳುಸ್ತದ, ತಟ್ಟೆ ಬಿದ್ರೆ ತಿರುಗ್ತದಲ್ಲ" ಎನ್ನುತ್ತಾರೆ. ತಟ್ಟೆ ಬಿದ್ದಾಗ ತಿರುಗಿದ್ದು ಸದ್ದಿಗೋ, ನೆಲದ ಅದುರಿಗೋ, ಕಣ್ಣಂಚಿನಲ್ಲಿ ಕಂಡ ಚಲನೆಗೋ ಯಾರು ಬಲ್ಲರು? ಸದ್ದಿಗೇ ಎಂದಿಟ್ಟುಕೊಂಡರೂ, ಬಾಗಿಲು ಬಡಿದದ್ದು, ಬಸ್ಸಿನ ಹಾರ್ನು, ಪಟಾಕಿ ಇವು ಕೇಳಿಸುವ ಮಗುವಿಗೆ ಮೆಲುದನಿಯ ಮಾತು ಕೇಳಿಸದೇ ಇರಬಹುದು. ಸ, ಶ, ಚ, ತ ಇಂಥ ಅಕ್ಷರಗಳ ಸದ್ದು ಸಣ್ಣದು, ಕಂಪನ ಎತ್ತರದ್ದು. ಅಷ್ಟು ಭಾಗ ಮಾತ್ರ ಕಿವಿಗೆ ಬೀಳದಿದ್ದರೆ ಮಗುವಿಗೆ ಮನೆಯವರ ಮಾತು ಅರ್ಧಂಬರ್ಧ ತಲುಪುತ್ತದೆ. ಮಗು ಕರೆದರೆ ತಿರುಗುತ್ತದೆ, ನಗುತ್ತದೆ, ಟಿವಿ ಮುಂದೆ ಕುಣಿಯುತ್ತದೆ. ಪದ ಮಾತ್ರ ಕಟ್ಟುವುದಿಲ್ಲ. ಪದೇ ಪದೇ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ಕಟ್ಟಿಕೊಂಡ ಮಕ್ಕಳದ್ದು ಇನ್ನೂ ಗೋಜಲು: ಒಂದು ವಾರ ಕೇಳಿಸುತ್ತದೆ, ಮುಂದಿನ ವಾರ ಮಂದ. ಇದಕ್ಕೆ ಕಿವಿಗೆ ಎಣ್ಣೆ ಕಾಯಿಸಿ ಬಿಡುವ ಪದ್ಧತಿ ಇನ್ನೂ ಇದೆ. ನೀರು ಇರುವುದು ತಮಟೆಯ ಆಚೆಗೆ, ಎಣ್ಣೆ ನಿಲ್ಲುವುದು ಈಚೆಗೆ.

ಹುಟ್ಟಿನಿಂದಲೇ ಕಿವುಡಾದ ಕೂಸು ಕೂಡ ಮೊದಲ ತಿಂಗಳುಗಳಲ್ಲಿ ಎಲ್ಲ ಕೂಸುಗಳಂತೆ ಗುಟುರು ಹಾಕುತ್ತದೆ, ಅತ್ತು ಕರೆದು ಮಾಡುತ್ತದೆ. ತನ್ನ ದನಿ ತನಗೇ ಕೇಳಿಸದ ಕಾರಣ ಅರ್ಧ ವರ್ಷ ಕಳೆದ ಮೇಲೆ ಆ ಸದ್ದು ಬೆಳೆಯುವ ಬದಲು ಬತ್ತುತ್ತದೆ. ಮನೆಯವರು ಇದನ್ನು ಗಮನಿಸುವುದಿಲ್ಲ ಎಂದಲ್ಲ, ಚೆನ್ನಾಗಿಯೇ ಗಮನಿಸುತ್ತಾರೆ. ಆದರೆ "ಮೊದ್ಲು ಚೆನ್ನಾಗಿ ಆಡ್ತಿತ್ತು, ಯಾರ ಕಣ್ಣು ಬಿತ್ತೋ" ಎಂದು ನಿವಾಳಿಸುತ್ತಾರೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿ ಇರುವ ನಮ್ಮ ಕಡೆ ಇನ್ನೊಂದು ಸೂಕ್ಷ್ಮವಿದೆ. ಹುಟ್ಟುಕಿವುಡಿಗೆ ಕಾರಣವಾಗುವ ಎಷ್ಟೋ ದೋಷಗಳು ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದು ಮಗುವಿನಲ್ಲಿ ಒಟ್ಟು ಸೇರಿದಾಗಷ್ಟೇ ಮೇಲೆ ಬರುತ್ತವೆ. ಇಬ್ಬರಿಗೂ ಕಿವಿ ಸರಿಯಿರುವುದರಿಂದ ಕೂಸಿನ ಕಿವಿಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ಓಎಇ ಎಂಬುದರಲ್ಲಿ ಕಿವಿಗೆ ಸಣ್ಣ ಬಿರಡೆಯಂಥದ್ದನ್ನಿಟ್ಟು ಸದ್ದು ಬಿಟ್ಟು, ಒಳಕಿವಿಯಿಂದ ಮರಳುವ ಪ್ರತಿಧ್ವನಿಯನ್ನು ಯಂತ್ರ ಹಿಡಿಯುತ್ತದೆ. ಬೇರಾ ಎಂಬುದರಲ್ಲಿ ಮಲಗಿದ ಮಗುವಿನ ಹಣೆಗೆ, ಕಿವಿಯ ಹಿಂದೆ ತಂತಿ ಅಂಟಿಸಿ ಸದ್ದು ಮಿದುಳಿನವರೆಗೆ ಹೋಗುತ್ತಿದೆಯೇ ಎಂದು ನೋಡುತ್ತಾರೆ. ಮಗು ಉತ್ತರ ಹೇಳಬೇಕಿಲ್ಲ, ನಿದ್ದೆ ಮಾಡಿದರೆ ಸಾಕು. ಹುಟ್ಟಿದ ತಿಂಗಳೊಳಗೆ ಮಾಡಬಹುದಾದ ಈ ಪರೀಕ್ಷೆಯನ್ನು ಮೂರು ವರ್ಷದವರೆಗೆ ಮುಂದೂಡುವುದಕ್ಕೆ 'ಅವರಪ್ಪನೂ ತಡ' ಎಂಬುದು ಸಾಕಷ್ಟು ಕಾರಣವೇ? ಕೇಂದ್ರದ ಅಡಿಪ್ ಯೋಜನೆಯಲ್ಲಿ ಹುಟ್ಟುಕಿವುಡು ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಸಿಗುವುದು 5 ವರ್ಷದ ಮಿತಿಯೊಳಗೆ. ಆ ಮಿತಿ ಬರೀ ಸರ್ಕಾರದ ಲೆಕ್ಕವಲ್ಲ. ಸದ್ದನ್ನು ಮಾತಾಗಿ ಕಲಿಯುವ ಮಿದುಳಿನ ಶಕ್ತಿ ಆ ಮೊದಲ ವರ್ಷಗಳಲ್ಲೇ ಹೆಚ್ಚು. ಮೂರಕ್ಕೆ ಬತ್ತದ, ಇಲ್ಲದಿದ್ದರೆ ಇಸ್ಕೂಲಿಗೆ ಸೇರಿಸಿದರೆ ಬತ್ತದ ಎಂದು ಕಾಯುವ ಮನೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಯ ದಾರಿ ಹಿಡಿಯುವಷ್ಟರಲ್ಲಿ ಉಳಿದಿರುವುದು ಒಂದೇ ವರ್ಷ.

ಇನ್ನು ನಾಲಿಗೆಯ ಕೆಳಗಿನ ನರ ಕತ್ತರಿಸಿದರೆ ಮಾತು ಬರುತ್ತದೆ ಎಂಬುದು. ನಾಲಿಗೆ ಅಂಟಿಕೊಂಡಿದ್ದರೆ ಒಂದೆರಡು ಅಕ್ಷರ ತೊಡಕಾಗಬಹುದು, ಪದಗಳೇ ಹುಟ್ಟದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾತು ಬರಲೆಂದು ಬಜೆ ತೇದು ನೆಕ್ಕಿಸುವುದರ ಬಗ್ಗೆ ಹೇಳುವುದಾದರೆ, ಬಜೆಯಲ್ಲಿರುವ ಅಸರೋನ್ ಎಂಬ ಅಂಶಕ್ಕೆ ಹೆದರಿ ಅಮೆರಿಕ 1968ರಲ್ಲೇ ಅದನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು. ಮಾದಪ್ಪನಿಗೆ ಹರಕೆ ಹೊರುವವರು ಹೊರಲಿ, ಅದರಿಂದ ಮಗುವಿಗೆ ನಷ್ಟವಿಲ್ಲ. ಪೇಟೆಯ ಓದಿದವರು ಹರಕೆಯ ಜಾಗಕ್ಕೆ ಐನ್‌ಸ್ಟೈನನನ್ನು ತಂದುಕೊಂಡಿದ್ದಾರೆ: ಅವನು ನಾಲ್ಕು ವರ್ಷದವರೆಗೆ ಮಾತಾಡಿರಲಿಲ್ಲವಂತೆ! ಅವನ ತಂಗಿ ಮಾಯಾ ಹುಟ್ಟಿದ್ದು 1881ರ ನವೆಂಬರಿನಲ್ಲಿ, ಅವನಿಗೆ ಆಗ 2 ವರ್ಷ 8 ತಿಂಗಳು. ಆಟದ ಸಾಮಾನು ಬರುತ್ತದೆಂದು ಕಾದಿದ್ದವನು ಕೂಸನ್ನು ನೋಡಿ ಇದರ ಚಕ್ರ ಎಲ್ಲಿ ಎಂದು ಕೇಳಿದನೆಂಬುದು ಆ ತಂಗಿಯೇ ಮುಂದೆ ಬರೆದಿಟ್ಟ ಸಂಗತಿ. ಅಷ್ಟು ಕೇಳುವ ಮಗುವನ್ನು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯಬೇಕಿಲ್ಲ.

ಗಡಿ ತಾಲ್ಲೂಕಿನ ವಿಶೇಷ ಅಪವಾದವೊಂದಿದೆ: ಮನೆಯಲ್ಲಿ ಎರಡು ಮೂರು ಭಾಷೆ, ಕೂಸಿಗೆ ಗೊಂದಲ. ಗುಂಡ್ಲುಪೇಟೆಯಿಂದ ಒಂದು ಹೆದ್ದಾರಿ ಸುಲ್ತಾನ್ ಬತ್ತೇರಿಗೆ, ಇನ್ನೊಂದು ಬಂಡೀಪುರ ದಾಟಿ ಊಟಿಗೆ. ತರಕಾರಿ ಹೋಗುವುದು ಕೇರಳಕ್ಕೆ, ಚೆಂಡುಹೂವಿನ ಹೊಲ ನೋಡಲು ಬರುವವರು ಮಲಯಾಳಿಗಳು, ಪೇಟೆಯಲ್ಲಿ ಉರ್ದು, ಚಾಮರಾಜನಗರದ ಆಚೆಗೆ ತಾಳವಾಡಿ, ಅಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತಮಿಳು. ಭಾಷೆ ಹೆಚ್ಚಾದರೆ ಮಾತು ನಿಲ್ಲುವುದಾದರೆ ಈ ಸೀಮೆಯಲ್ಲಿ ಯಾರಿಗೂ ಮಾತು ಬರಬಾರದಿತ್ತು, ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರು ಇರುವುದು ಇದೇ ತಾಳವಾಡಿಯ ಮಗ್ಗುಲಲ್ಲಿ. ಎರಡು ಭಾಷೆ ಕೇಳುವ ಮಗು ಎರಡರಲ್ಲೂ ಪದ ಹಂಚಿಕೊಂಡು ಕಲಿಯುತ್ತದೆ, ಆದ್ದರಿಂದ ಎಣಿಸುವಾಗ ಎರಡನ್ನೂ ಕೂಡಿಸಬೇಕು. ಕೂಡಿಸಿದ ಮೇಲೂ ಕಡಿಮೆ ಬಂದರೆ ಅದು ಭಾಷೆಗಳ ತಪ್ಪಲ್ಲ. ಹೀಗಿದ್ದೂ, ಅಜ್ಜಿಯ ಭಾಷೆ ಬಿಟ್ಟು ಮಗುವಿನ ಜೊತೆ ಇಂಗ್ಲಿಷಿನಲ್ಲಿ ಮಾತ್ರ ಆಡಿ ಎಂದು ಸಲಹೆ ಕೊಡುವ ಶಾಲೆಗಳಿವೆ. ಮನೆಯಲ್ಲಿ ಅತಿ ಹೆಚ್ಚು ಮಾತಾಡುವ ಒಂದು ಬಾಯಿಯನ್ನು ಮುಚ್ಚಿಸುವುದು ಯಾವ ಸೀಮೆಯ ಚಿಕಿತ್ಸೆ? ಇದರ ಇನ್ನೊಂದು ಮುಖ ಬಿಳಿಗಿರಿರಂಗನ ಬೆಟ್ಟದ ಕಡೆ ಕಾಣುತ್ತದೆ. ಸೋಲಿಗರ ಹಾಡಿಯಾದ ಪೋಡಿನಲ್ಲಿ ಸೋಲಿಗ ನುಡಿಯಲ್ಲಿ ಚಟಪಟ ಆಡುವ ಕೂಸು ಅಂಗನವಾಡಿಯ ಕನ್ನಡದೆದುರು ತಿಂಗಳುಗಟ್ಟಲೆ ಬಾಯಿ ಬಿಡದೆ ಕೂತರೆ ಅದು ರೋಗವಲ್ಲ, ಅದು ಹೊಸ ಭಾಷೆಯನ್ನು ಕೇಳಿಸಿಕೊಳ್ಳುತ್ತಿದೆ. ಮನೆಯಲ್ಲಿ ಹೇಗೆ ಆಡುತ್ತದೆ ಎಂದು ತಾಯಿಯನ್ನು ಕೇಳದೆ ಅದಕ್ಕೆ ಹಣೆಪಟ್ಟಿ ಹಚ್ಚಬಾರದು.

ಈಚೆಗೆ ಎಲ್ಲದಕ್ಕೂ ಉತ್ತರ ಮೊಬೈಲ್. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರದಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ, ಒಪ್ಪತಕ್ಕ ಮಾತು. ಮೊಬೈಲ್ ಮಾತನ್ನು ಕಸಿಯುವುದು ಎದುರಿಗೆ ಕೂತು ಆಡುವವರ ಜಾಗವನ್ನು ತಾನು ಹಿಡಿಯುವುದರಿಂದ. ಆದರೆ ಕಾರಣ ಮತ್ತು ಪರಿಣಾಮ ತಿರುವುಮುರುವಾಗುವುದೂ ಉಂಟು. ಸರಿಯಾಗಿ ಕೇಳಿಸದ, ಮುಖ ನೋಡಿ ಆಡಲು ಒಲ್ಲದ ಕೂಸು ಹಟ ಮಾಡುವುದು ಹೆಚ್ಚು, ಅದು ಸುಮ್ಮನಾಗುವುದು ಬಣ್ಣದ ಚಿತ್ರಕ್ಕೆ. ಅದಕ್ಕೇ ಆ ಕೈಗೆ ಮೊಬೈಲ್ ಬಂದಿರುತ್ತದೆ. 'ವರ್ಚುವಲ್ ಆಟಿಸಂ' ಎಂಬ ಹೆಸರು ಊರೆಲ್ಲ ಓಡಾಡುತ್ತಿದೆ, ವೈದ್ಯಕೀಯದ ಯಾವ ಅಧಿಕೃತ ಪಟ್ಟಿಯಲ್ಲೂ ಅದಿಲ್ಲ. ಮೊಬೈಲಿನ ವಾದಕ್ಕೂ ಅಪ್ಪನ ವಾದಕ್ಕೂ ಮೇಲ್ನೋಟಕ್ಕೆ ಜಗಳ, ಒಳಗೆ ಒಂದೇ ಗುಣ: ಎರಡೂ ಮಗುವನ್ನು ಪರೀಕ್ಷಿಸದೆಯೇ ಉತ್ತರ ಕೊಟ್ಟುಬಿಡುತ್ತವೆ. ವ್ಯತ್ಯಾಸವೆಂದರೆ ಮೊದಲನೆಯದರಲ್ಲಿ ತಪ್ಪು ಪೂರ್ತಿ ತಾಯಿಯ ತಲೆಗೆ. ಬೆಳಗ್ಗೆ ಕೂಲಿಗೆ ಹೋಗಿ ಸಂಜೆ ಒಲೆ ಹಚ್ಚುವವಳಿಗೆ ನೀನು ಮಗುವಿನ ಜೊತೆ ಮಾತಾಡುವುದಿಲ್ಲ ಎಂದು ಹೇಳುವುದು ಸುಲಭ.

ಗುಂಡ್ಲುಪೇಟೆಯಿಂದಲೂ ಚಾಮರಾಜನಗರದಿಂದಲೂ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಲ್ಲಿ ಶುರುವಾದ ಆ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಮಕ್ಕಳನ್ನು ಕರೆತರುತ್ತಾರೆ, ತಿಂಗಳುಗಟ್ಟಲೆ ಮೈಸೂರಿನಲ್ಲಿ ಬಾಡಿಗೆ ಮನೆ ಹಿಡಿದು ಉಳಿಯುವವರೂ ಇದ್ದಾರೆ. ಅದೇ ಸಂಸ್ಥೆ ಯಳಂದೂರು ತಾಲ್ಲೂಕಿನ ಗುಂಬಳ್ಳಿಯಲ್ಲಿ ಹೊರಸೇವಾ ಕೇಂದ್ರವನ್ನೂ ನಡೆಸುತ್ತದೆ. ಕಿವುಡು ಮಕ್ಕಳ ಪೋಷಕರ ಸಂಘದ ಶಾಲೆ ಮೈಸೂರಿನಲ್ಲಿದೆ, ಅಲ್ಲಿ ತಾಯಿಯೂ ಮಗುವಿನ ಪಕ್ಕದಲ್ಲೇ ಪಾಠಕ್ಕೆ ಕೂರುತ್ತಾಳೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು; ಅದು ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕಿವುಡೂ ಇದೆ, ಭಾಷೆಯ ವಿಳಂಬವೂ ಇದೆ. ತಾಯಿ ಕಾರ್ಡಿನಲ್ಲಿ ಲಸಿಕೆಯ ಪಟ್ಟಿಯ ಜೊತೆ ಬೆಳವಣಿಗೆಯ ಹಂತಗಳ ಚಿತ್ರಗಳೂ ಅಚ್ಚಾಗಿವೆ. ಕೊರತೆ ಇರುವುದು ಕೇಳುವ ರೂಢಿಯಲ್ಲಿ. ಕೂಸಿನ ತೂಕ ಎಷ್ಟು ಎಂದು ಕೇಳಿದಷ್ಟು ಸಲೀಸಾಗಿ ಎಷ್ಟು ಮಾತಾಡುತ್ತದೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಕೇಳುವುದಕ್ಕೆ ಹೊಸ ಯೋಜನೆ ಬೇಕಿಲ್ಲ. 16ರಿಂದ 24 ತಿಂಗಳ ನಡುವೆ ಡಿಪಿಟಿ ಬೂಸ್ಟರಿಗೂ ಎಂಆರ್ ಎರಡನೇ ಡೋಸಿಗೂ ತಾಯಂದಿರು ಕೂಸನ್ನು ಎತ್ತಿಕೊಂಡು ಬಂದೇ ಬರುತ್ತಾರೆ. (ಎಂಆರ್‌ನ ಆರ್ ಎಂದರೆ ರುಬೆಲ್ಲಾ, ಬಸುರಿಗೆ ತಗುಲಿದರೆ ಹುಟ್ಟುವ ಮಗುವನ್ನು ಕಿವುಡು ಮಾಡಬಲ್ಲ ಕಾಯಿಲೆ ಅದು. ಆ ಸೂಜಿಯೇ ಮುಂದಿನ ತಲೆಮಾರಿನ ಕಿವಿ ಕಾಯುತ್ತದೆ.) ಅಲ್ಲೇ ಆಶಾ ಕಾರ್ಯಕರ್ತೆ ಮೂರು ಪ್ರಶ್ನೆ ಕೇಳಲಿ. ಬೆನ್ನ ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತದಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತದಾ? ಕೈಸನ್ನೆ ಮಾಡದೆ 'ಅಪ್ಪನ ಚಪ್ಪಲಿ ತಕ್ಕ ಬಾ' ಅಂದರೆ ತರುತ್ತದಾ? ಪದಗಳ ಎಣಿಕೆಗಿಂತ ಇವು ಹೆಚ್ಚು ತಿಳಿಸುತ್ತವೆ. ಮೂರಕ್ಕೂ ಹೌದು ಎಂಬ ಉತ್ತರವಿದ್ದು ಮಾತು ಮಾತ್ರ ಕಡಿಮೆಯಿದ್ದರೆ ಭಯ ಕಡಿಮೆ. ಒಂದಕ್ಕೆ ಇಲ್ಲ ಎಂದರೂ ಮೈಸೂರಿಗೋ ಗುಂಬಳ್ಳಿಗೋ ಜಿಲ್ಲಾ ಆಸ್ಪತ್ರೆಗೋ ಚೀಟಿ ಬರೆಯಬೇಕು, ಅದರಲ್ಲಿ ಹೋಗುವ ದಿನಾಂಕವೂ ಇರಬೇಕು.

ಹೋಗಿ ಬಂದು ಏನೂ ತೊಂದರೆಯಿಲ್ಲ ಎಂದಾದರೆ ಬಸ್ ಚಾರ್ಜು, ಎರಡು ಕೂಲಿ ದಂಡವಲ್ಲವೇ ಎಂದು ಕೇಳುವವರಿದ್ದಾರೆ. ಬಡವರ ಮನೆಯಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಆದರೆ ಕಿವಿ ಸರಿಯಿದೆ ಎಂಬ ಕಾಗದ ಕೈಗೆ ಬಂದ ಮೇಲೆ ಕಾಯುವುದಕ್ಕೂ ಅದಕ್ಕೆ ಮೊದಲು ಕಾಯುವುದಕ್ಕೂ ಬಹಳ ದೂರ. ಕಾಗದ ಬಂದ ಮೇಲೆ ಅತ್ತೆ ಹೇಳಿದಂತೆ ಮೂರು ತಿಂಗಳು ನೋಡಬಹುದು. ನೋಡುತ್ತಾ ಕೂಸನ್ನು ಅವರ ಕಾಲ ಮೇಲೆ ಕೂರಿಸಿ, ಹಾಡಿಸಿ, ಆಡಿಸಿ, ಬಂದ ಹೊಸ ಪದಗಳನ್ನು ಕ್ಯಾಲೆಂಡರಿನ ಹಿಂಬದಿ ಬರೆಯುತ್ತಾ ಹೋದರೆ, ಮುಂದಿನ ಸಲ ವಾಕ್ ತಜ್ಞರು ಮೊದಲು ಕೇಳುವುದು ಆ ಪಟ್ಟಿಯನ್ನೇ.